ನಾಗಿ ಕಂಡ ಮುಚ್ಚಿದ ಕಾರ್ಖಾನೆ

ಹೊಳನಗದ್ದೆಯ ನಾಗಿ ಮದುವೆಯಾದ ವರ್ಷವೇ ಕುಮಟೆಯ ಗೇರುಬೀಜದ ಕಾರ್ಖಾನೆ ಸೇರಿದವಳು. ಹುರಿದ ಬೀಜ ಒಡೆದು ತಿರುಳು ಬಿಡಿಸುವ ಕೆಲಸ. ಸಿಪ್ಪೆಯ ಎಣ್ಣೆಗೆ ಬೆರಳ ತುದಿಗಳು ಸುಟ್ಟು ಕಪ್ಪಾಗಿದ್ದವು. ಕಾರ್ಮಿಕರ ಸಂಘದಲ್ಲಿ ಅವಳದೇ ಮುಂದಾಳ್ತನ. ಕೂಲಿ ಹೆಚ್ಚಿಸಿ ಎಂದಾಗಲೆಲ್ಲ ಮಾಲಕರದು ಒಂದೇ ಉತ್ತರ: ಬೀಜ ಬರುವುದು ಆಫ್ರಿಕಾದಿಂದ, ಅಲ್ಲಿಯವರೇ ಒಡೆಯಲು ನಿಂತರೆ ನಿಮಗೆ ಈ ಕೆಲಸವೂ ಇಲ್ಲ.

ಎರಡು ಸಾವಿರದ ಒಂದರ ಮಳೆಗಾಲ ಮುಗಿದ ಮೇಲೆ, ಸಂಘದ ಕಾರ್ಯದರ್ಶಿ ದಿನಕರ ಮೊಜಾಂಬಿಕ್‌ನ ಗೇರು ಕಾರ್ಮಿಕರ ಸಂಘದಿಂದ ಅತಿಥಿಗಳನ್ನು ಕರೆಸಿದ. ಅವರಲ್ಲಿ ಅಮೇಲಿಯಾ ಎಂಬ ಗಟ್ಟಿ ಮೈಕಟ್ಟಿನ ಹೆಂಗಸು ನಗುನಗುತ್ತಲೇ ಕಾರ್ಖಾನೆಯೊಳಗೆ ಬಂದಳು. ಗೋಡೆಗೆ ಒಟ್ಟಿದ್ದ ಚೀಲಗಳ ಮೇಲಿನ ಅಕ್ಷರ ಓದಿದ್ದೇ ತಡ, ಅವಳ ನಗು ನಿಂತಿತು. ಅವು ಅವಳ ಊರಿನ ಬಂದರಿನಿಂದ ಬಂದ ಚೀಲಗಳು. ಬೀಜವನ್ನು ಒಡೆಯದೆ ಇಡಿಯಾಗಿಯೇ ಭಾರತಕ್ಕೆ ಹೊರಡುವ ಹಡಗಿಗೆ ಹಾಕತೊಡಗಿದ ಮೇಲೆ ಅವಳ ಕಾರ್ಖಾನೆಗೆ ಬೀಗ ಬಿದ್ದಿತ್ತು. ಈಗ ಇದ್ದಿಲು ಮಾರಿ ಮಕ್ಕಳನ್ನು ಸಾಕುತ್ತಿದ್ದಳು. ದಿನಕರ ಅದನ್ನು ಕನ್ನಡದಲ್ಲಿ ಹೇಳುವಾಗ ಬೀಜ ಒಡೆಯುತ್ತಿದ್ದ ನಾಗಿಯ ಕೈ ತಾನಾಗಿಯೇ ನಿಂತಿತು.

ಅತಿಥಿಗಳು ಹೋದರೂ ನಾಗಿಗೆ ನೆಮ್ಮದಿ ಬರಲಿಲ್ಲ. ಬೀಜ ಒಡೆಯುವಾಗ ಅದೇ ಯೋಚನೆ, ಗದ್ದೆಯಲ್ಲಿ ಕಳೆ ಕೀಳುವಾಗಲೂ ಅದೇ. ಮರುವರ್ಷ ಸಂಘ ಅವಳನ್ನೇ ಮೊಜಾಂಬಿಕ್‌ಗೆ ಕಳಿಸುವುದೆಂದಾದಾಗ ಗಂಡ ಈರ ಕೇಳಿದ:

‘ಅಷ್ಟು ದೂರ ಹೋಗಿ ಎಂತ ಮಾಡ್ತೆ?’

‘ಗೊತ್ತಿಲ್ಲ. ಇಲ್ಲೇ ಕೂತ್ಕಂಡಿರೂಕಂತೂ ಆಗುದಿಲ್ಲ.’

ದಿನಕರನೂ ಜೊತೆಗೆ ಹೊರಟ. ರೈಲಿನಲ್ಲಿ ಮುಂಬಯಿ, ಅಲ್ಲಿಂದ ವಿಮಾನ. ಅಮೇಲಿಯಾ ಅವಳ ಕೈ ಹಿಡಿದುಕೊಂಡು ಹಳೆಯ ಕಾರ್ಖಾನೆಗೆ ಕರೆದೊಯ್ದಳು. ಯಂತ್ರಗಳಿದ್ದ ಕಡೆ ಬರೀ ತುಕ್ಕು, ಅಂಗಳದಲ್ಲಿ ಎದೆಯೆತ್ತರದ ಹುಲ್ಲು. ಕೆಲಸ ಕಳೆದುಕೊಂಡ ಹೆಂಗಸರು ಮರದ ನೆರಳಲ್ಲಿ ಕೂತಿದ್ದರು. ಒಬ್ಬ ಮುದುಕಿ ಎದ್ದು ನಿಂತು, ನಮ್ಮ ಮಕ್ಕಳ ತುತ್ತು ಕಸಿದವಳು ಇವಳೇ ಏನು ಎಂದು ಕೇಳಿದಳು. ನೀವು ಹೆಚ್ಚು ಕೂಲಿ ಕೇಳಿದರೆ ಭಾರತದ ಹೆಂಗಸರು ಅರ್ಧಕ್ಕೇ ಮಾಡುತ್ತಾರೆ ಎಂದು ಅಲ್ಲಿಯ ಮಾಲಕರು ಬೀಗ ಹಾಕುವ ದಿನದವರೆಗೂ ಅವರನ್ನು ಹೆದರಿಸಿದ್ದರಂತೆ.

ನಾಗಿಗೆ ಕಲಿತುಬಂದ ಭಾಷಣದ ಒಂದಕ್ಷರವೂ ನೆನಪಾಗಲಿಲ್ಲ.

‘ಅಮ್ಮಾ, ನಮ್ಗೆ ನಮ್ಮ ಮಾಲಕ್ರು ನಿಮ್ಮ ಹೆಸ್ರು ಹೇಳಿ ಹೆದ್ರಿಸ್ತ್ರು,’ ಎಂದಳು. ‘ಹೆದ್ರಕಂಡು ನಾವೂ ಸುಮ್ನೇ ಇದ್ವು.’

ಆ ಮಾತು ದಿನಕರನ ಇಂಗ್ಲಿಷಿನಲ್ಲಿ ಹಾದು, ಇನ್ನೊಬ್ಬರ ಪೋರ್ಚುಗೀಸಿನಲ್ಲಿ ಹಾದು ಮುದುಕಿಗೆ ಮುಟ್ಟುವಷ್ಟರಲ್ಲಿ ನಾಗಿಗೆ ಅಲ್ಲಿ ನಿಂತಿರುವುದೇ ಕಷ್ಟವಾಯಿತು. ಕೇಳಿದ ಮುದುಕಿ ನಗಲಿಲ್ಲ, ಅಳಲಿಲ್ಲ. ಮತ್ತೆ ಕೂತು, ಪಕ್ಕಕ್ಕೆ ಸರಿದು ನಾಗಿಗೆ ಕೂರಲು ಜಾಗ ಮಾಡಿಕೊಟ್ಟಳು.

ಊರಿಗೆ ಮರಳಿದ ನಾಗಿಯ ಕಾಲು ಒಂದೆಡೆ ನಿಲ್ಲಲಿಲ್ಲ. ದಿನದ ಕೆಲಸ ಮುಗಿದ ಕೂಡಲೇ ಬಸ್ಸು ಹಿಡಿದು ಹೊನ್ನಾವರದ ಗೇರು ಕಾರ್ಖಾನೆಗೆ, ತಮ್ಮಲ್ಲಿ ರಜೆಯಿದ್ದ ದಿನ ಭಟ್ಕಳಕ್ಕೆ. ಬಾಗಿಲಲ್ಲಿ ನಿಂತು, ಹೊರಬಂದ ಹೆಂಗಸರಿಗೆ ಆ ಹುಲ್ಲು ಬೆಳೆದ ಅಂಗಳದ ಕತೆ ಹೇಳುವಳು. ಕೆಲವರು ಕೇಳುವರು, ಹಲವರು ಬಸ್ಸು ತಪ್ಪುತ್ತದೆಂದು ಓಡುವರು.

ಮುಂದಿನ ಕೂಲಿ ಮಾತುಕತೆಯಲ್ಲಿ ಮಾಲಕರು ಮತ್ತೆ ಆಫ್ರಿಕಾದ ಹೆಸರೆತ್ತಿದರು. ನಾಗಿ ಎದ್ದು ನಿಂತು, ‘ಅಲ್ಲಿಯವ್ರ ಹತ್ರ ನಾನೇ ಮಾತಾಡ್ಕಂಡು ಬಂದಿದ್ದೆ. ಬೇರೆ ಮಾತಿದ್ರೆ ಹೇಳಿ,’ ಎಂದಳು. ಮಾಲಕರು ಒಪ್ಪದಿದ್ದಾಗ ಮೂರೂ ಊರುಗಳಲ್ಲಿ ಹೆಂಗಸರು ಕೆಲಸ ನಿಲ್ಲಿಸಿದರು. ಕೊನೆಗೆ ಕೂಲಿ ಏರಿತು, ಕೇಳಿದಷ್ಟಲ್ಲ.

ಕೆಲವು ವರ್ಷಗಳ ಮೇಲೆ ಸಂಘದ ಕಚೇರಿಗೆ ಅಮೇಲಿಯಾಳ ಫೋನು ಬಂತು. ಅವಳ ಜೊತೆಗಿದ್ದವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ದಿನಕರ ನಾಗಿಗೆ ತಿಳಿಸಿದ: ಅಲ್ಲೊಂದು ಸಣ್ಣ ಕಾರ್ಖಾನೆ ಶುರುವಾಗಿತ್ತು. ಸಂಘದವಳೆಂದು ಅವಳನ್ನು ಮಾತ್ರ ಸೇರಿಸಿಕೊಂಡಿರಲಿಲ್ಲ. ನಾಗಿ ಕೂತಲ್ಲಿಂದ ಎದ್ದಳು. ಸಂಘದ ಹೆಸರಿನಲ್ಲಿ ಆ ಕಾರ್ಖಾನೆಯವರಿಗೆ ಇವತ್ತೇ ಬರೆಯಬೇಕೆಂದು ದಿನಕರನಿಗೆ ಹೇಳಿದಳು. ಅದರಿಂದ ಏನಾದೀತೆಂದು ಅವನು ಕೇಳಿದಾಗ, ತನಗೂ ಗೊತ್ತಿಲ್ಲವೆಂದು ಹೇಳಿ, ಪತ್ರ ಬರೆಸಲು ಕುರ್ಚಿಯನ್ನು ಅವನ ಮೇಜಿನ ಬಳಿಗೇ ಎಳೆದು ಕೂತಳು.