ತೂಕದ ತಾತ ಮತ್ತು ತೆಳ್ಳಗಾಗುವ ಪುಡಿ

ಆತನ ಮುಂದಿನ ಎರಡು ಹಲ್ಲುಗಳ ಅಂಚು ಸವೆದು ಒಳಕ್ಕೆ ಬಾಗಿತ್ತು. ಮೂವತ್ತು ವರ್ಷ ನೆಲ್ಲಿನ ಕಾಳು ಕಚ್ಚಿ ಆದದ್ದು ಅದು. ಗಾಡಿ ಬಂದು ನಿಂತರೆ ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ ನಾಲ್ಕು ಕಾಳು ತೆಗೆದು, ಒಂದನ್ನು ಆ ಹಲ್ಲುಗಳ ನಡುವೆ ಇಟ್ಟು ಕಟ್ಟೆಂದು ಮುರಿಯುತ್ತಿದ್ದ. ಸದ್ದು ಬಂದರೆ ಒಣಾ ನೆಲ್ಲು, ಬರದಿದ್ದರೆ ಹಸಿ. ಹಸಿ ಎಂದಾದರೆ ರೈತನ ಮುಖವನ್ನೂ ನೋಡದೆ ಕಾಳನ್ನು ಆತನ ಕಾಲ ಬುಡಕ್ಕೇ ಉಗಿಯುತ್ತಿದ್ದ. ಸಿರುಗುಪ್ಪದ ಆ ಅಕ್ಕಿ ಮಿಲ್ಲಿನಲ್ಲಿ ಎಲ್ಲರೂ ಆತನನ್ನು ತೂಕದ ತಾತ ಎನ್ನುತ್ತಿದ್ದರು. ನನ್ನಪ್ಪ ಅದೇ ಮಿಲ್ಲಿನಲ್ಲಿ ಗುಮಾಸ್ತ. ತಾತ ಕೂಗಿದ್ದನ್ನು ಬರೆದುಕೊಳ್ಳುವುದು ಅಪ್ಪನ ಕೆಲಸ.

ಆತನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಸತ್ತವರ ಬಗ್ಗೆ ಬರೆಯುವಾಗ ಎಲ್ಲರೂ ಬೆಣ್ಣೆ ಹಚ್ಚುತ್ತಾರೆ, ನನಗೆ ಅದು ಬರುವುದಿಲ್ಲ. ಒರಟ, ಬಾಯಿಬಡುಕ, ಹೆಣ್ಣುಮಕ್ಕಳ ಮುಂದೆ ಹೇಗೆ ಮಾತಾಡಬೇಕೆಂಬ ಗೊಡವೆ ಇಲ್ಲದವನು. ಹಮಾಲರನ್ನು ಬೆಳಗಿನಿಂದ ಸಂಜೆಯವರೆಗೆ ಬೈಯುತ್ತಿದ್ದ. ಒಂದೇ ಒಂದು ಕಡೆ ಆತನ ಬಾಯಿ ಹದವಾಗಿತ್ತು. ಕಾಟಾದ ಮುಂದೆ ನಿಂತು ಚೀಲ ಎಣಿಸುವಾಗ ಮೊದಲನೆಯದಕ್ಕೆ ಒಂದು ಎನ್ನದೆ ‘ಲಾಭ’ ಎಂದು ಶುರು ಮಾಡಿ, ಚೀಲಚೀಲದ ತೂಕವನ್ನು ರಾಗವಾಗಿ ಕೂಗುತ್ತಿದ್ದ. ಆ ಕೂಗು ಕಾಲುವೆ ಕಟ್ಟೆಯವರೆಗೂ ಕೇಳುತ್ತಿತ್ತು.

ಎಪ್ಪತ್ತರ ದಶಕದ ನಡುವಿನ ಮಾತು. ನನಗೆ ಇಪ್ಪತ್ತೆರಡು. ದಪ್ಪಗಿದ್ದೆ. ನೋಡಲು ಬಂದ ಮೂರು ಗಂಡುಗಳು ಉಪ್ಪಿಟ್ಟು ತಿಂದು ಹೋಗಿ ಸುದ್ದಿ ಕಳಿಸಲಿಲ್ಲ. ನಾಲ್ಕನೆಯದು ಕುರುಗೋಡಿನ ಹತ್ತಿ ವ್ಯಾಪಾರಿಯ ಮನೆತನ. ಅವರು ಮಾತ್ರ ಸುದ್ದಿ ಕಳಿಸಿದರು. ಹುಡುಗಿ ಮುಖಲಕ್ಷಣ ಚೆನ್ನಾಗಿದೆ, ಸಂಕ್ರಾಂತಿಯೊಳಗೆ ಮೈ ಇಳಿದರೆ ಮುಂದಿನ ಮಾತು. ಬಳ್ಳಾರಿಯಲ್ಲಿದ್ದ ನನ್ನ ಸೋದರತ್ತೆ ಅದಕ್ಕೆ ಒಪ್ಪಿಯೂ ಬಂದಿದ್ದಳು. ಹತ್ತು ಕಿಲೋ ಇಳಿಸಿ ತೋರಿಸುತ್ತೇವೆ ಎಂದು ಮಾತು ಕೊಟ್ಟಳಂತೆ. ಇಳಿಸಬೇಕಾದವಳನ್ನು ಯಾರೂ ಕೇಳಲಿಲ್ಲ.

ಅತ್ತೆಯ ಧೈರ್ಯಕ್ಕೆ ಕಾರಣ ಒಬ್ಬ ಡಾಕ್ಟರ್. ಹದಿನೈದು ದಿನಕ್ಕೊಮ್ಮೆ ಬಳ್ಳಾರಿ ಸ್ಟೇಷನ್ ಹತ್ತಿರದ ಲಾಡ್ಜಿನಲ್ಲಿ ರೂಮು ಹಿಡಿದು ಕೂರುತ್ತಿದ್ದ. ನಿಜವಾಗಿ ಡಾಕ್ಟರನೋ ಅಲ್ಲವೋ ಇಂದಿಗೂ ನನಗೆ ಗೊತ್ತಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆದು ಮಾತು. ಮೈ ಕರಗಿಸುವ ಹೊಸ ಔಷಧಿಯೊಂದನ್ನು ಕಂಡುಹಿಡಿದಿದ್ದಾರೆ, ಇನ್ನೂ ಪೇಟೆಗೆ ಬಂದಿಲ್ಲ, ಪರೀಕ್ಷೆ ನಡೆದಿದೆ, ಆ ಪರೀಕ್ಷೆಗೆ ಸೇರುವ ಅದೃಷ್ಟ ನಿಮ್ಮದು ಎಂದ. ಅದೃಷ್ಟ ಎಂಬ ಮಾತನ್ನು ಆತ ಎಷ್ಟು ಸಲೀಸಾಗಿ ಬಳಸಿದನೆಂದರೆ ಅತ್ತೆ ಕೈ ಮುಗಿದಳು. ಹಳದಿ ಪುಡಿಯ ಪೊಟ್ಟಣಗಳು, ದಿನಕ್ಕೆ ಎರಡು. ಗುಣ ಏನು, ದೋಷ ಏನು ಎಂದು ಅಪ್ಪ ಕೇಳಿದ್ದಕ್ಕೆ ಆತ ಉದ್ದನೆಯ ರಿಜಿಸ್ಟರು ಬಿಚ್ಚಿ ತೋರಿಸಿದ. ಹೆಂಗಸರ ಹೆಸರು, ಊರು, ಮೊದಲ ತೂಕ, ಈಗಿನ ತೂಕ. ಎಲ್ಲವೂ ಇಳಿದಿದ್ದವು. ನಡುನಡುವೆ ಕೆಲವು ಹೆಸರುಗಳ ಮೇಲೆ ಕೆಂಪು ಗೆರೆ ಎಳೆದಿತ್ತು. ಅದೇನೆಂದು ನಾವು ಕೇಳಲಿಲ್ಲ.

ಅಲ್ಲಿನ ಕಾಟಾದ ಮೇಲೆ ನಾನು ಎಪ್ಪತ್ತೈದು ಕಿಲೋ. ವಾರಕ್ಕೊಮ್ಮೆ ಊರಲ್ಲೇ ತೂಕ ಮಾಡಿಸಿ ಬರೆದು ತನ್ನಿ ಎಂದ. ಸಿರುಗುಪ್ಪದಲ್ಲಿ ಮನುಷ್ಯರನ್ನು ತೂಗುವ ಕಾಟಾ ನಮಗೆ ಗೊತ್ತಿದ್ದಂತೆ ಇರಲಿಲ್ಲ. ಅಪ್ಪನಿಗೆ ಹೊಳೆದದ್ದು ಮಿಲ್ಲಿನದು. ಗಾಡಿಗಳು ಬರುವ ಮುಂಚೆ, ಬೆಳಗ್ಗೆ ಏಳಕ್ಕೆ, ನೆಲ್ಲಿನ ಧೂಳಿನ ಮೇಲೆ ನಾನು ಬರಿಗಾಲಲ್ಲಿ ಹತ್ತಿ ನಿಲ್ಲಬೇಕು. ಮೊದಲ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ ತಾತ ಅಪ್ಪನಿಗೆ ಹೇಳಿದ:

“ನೋಡ್ರಿ ಗುಮಾಸ್ತರ, ಕಣ್ಣಳತಿ ಹೇಳ್ತೀನಿ. ಬರೋಬ್ಬರಿ ಒಂದು ಚೀಲ ಐತಿ.”

ನಮ್ಮಲ್ಲಿ ನೆಲ್ಲಿನ ಚೀಲವೆಂದರೆ ಎಪ್ಪತ್ತೈದು ಕಿಲೋ. ಹಮಾಲರು ನಕ್ಕರು. ಆಮೇಲೆ ಆತ ಕಾಟಾದ ದಂಡಿಯ ಮೇಲಿನ ಗುಂಡು ಸರಿಸಿ, ಚೀಲಕ್ಕೆ ಕೂಗುವ ಅದೇ ರಾಗದಲ್ಲಿ ಕೂಗಿದ: ಎಪ್ಪತ್ತ ಮೂರೂ... ಇಡೀ ಮಿಲ್ಲಿಗೆ ನನ್ನ ತೂಕ ಕೇಳಿತು. ನೆಲ ಬಾಯಿ ಬಿಡಬಾರದೇ ಎನಿಸಿತು. ಆದರೆ ಪುಡಿ ಶುರು ಮಾಡಿ ಒಂದೇ ವಾರಕ್ಕೆ ಎರಡು ಕಿಲೋ ಇಳಿದಿತ್ತಲ್ಲ, ಆ ಖುಷಿಯಲ್ಲಿ ಅವಮಾನ ನುಂಗಿಕೊಂಡೆ.

ಮುಂದೆ ಎಪ್ಪತ್ತೆರಡು, ಎಪ್ಪತ್ತೊಂದು. ಸುಗ್ಗಿ ಶುರುವಾಗಿ ಹಸಿ ನೆಲ್ಲಿನ ಗಾಡಿಗಳು ಸಾಲು ನಿಲ್ಲುವ ಹೊತ್ತಿಗೆ ಎಪ್ಪತ್ತು. ಅತ್ತೆ ಕುರುಗೋಡಿಗೆ ಸುದ್ದಿ ಮುಟ್ಟಿಸಿದಳು. ಹೊಸ ಅಳತೆಗೆಂದು ಎರಡು ರವಿಕೆ ಹೊಲಿಸಿದಳು. ಎರಡೂ ನನ್ನ ತೋಳಿಗೆ ಏರಲಿಲ್ಲ. ದರ್ಜಿಗೆ ಕಣ್ಣು ಮಂಜಾಗಿದೆ ಎಂದು ಮನೆಮಂದಿಯೆಲ್ಲ ಸೇರಿ ಅವನಿಗೆ ಛೀಮಾರಿ ಹಾಕಿದೆವು. ಅಂಕಿಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ತೂಕದ ತಾತ ಕೂಗಿದ ಅಂಕಿ ಅದು, ಆ ಕೂಗಿನ ಮೇಲೆ ಊರೇ ವ್ಯವಹಾರ ಮಾಡುತ್ತಿತ್ತು.

ಇಳಿಯುತ್ತಿದ್ದದ್ದು ಏನೋ ಗೊತ್ತಿಲ್ಲ, ಏರುತ್ತಿದ್ದದ್ದು ಎದೆಬಡಿತ. ಮಾರ್ಗಶಿರದ ಚಳಿಯಲ್ಲೂ ಬೆವರು ಸುರಿಯುತ್ತಿತ್ತು. ಸೂಜಿಗೆ ದಾರ ಪೋಣಿಸಲು ಹೋದರೆ ಬೆರಳು ನಿಲ್ಲುತ್ತಿರಲಿಲ್ಲ. ಮಲಗಿದರೆ ಎದೆ ಹಾಸಿಗೆಯನ್ನೇ ಗುದ್ದಿದಂತೆ. ಡಾಕ್ಟರನಿಗೆ ಹೇಳಿದರೆ, ಕೊಬ್ಬು ಕರಗುವ ಲಕ್ಷಣ ಎಂದ. ಅತ್ತೆಗೂ ಅದು ಸರಿ ಎನಿಸಿತು. ನನಗೂ ಎನಿಸಿತು. ಅದನ್ನು ಮುಚ್ಚಿಡುವುದಿಲ್ಲ. ಎದೆ ಒಡೆದುಹೋದರೂ ಸರಿ, ಆ ಮದುವೆ ನನಗೆ ಬೇಕಾಗಿತ್ತು.

ಆರನೆಯ ವಾರ ಎಪ್ಪತ್ತು ಎಂದು ಕೂಗಿಸಿಕೊಂಡು ಕಾಟಾದಿಂದ ಇಳಿಯುವಾಗ ಕಣ್ಣು ಕತ್ತಲೆ ಬಂದು ಚೀಲಗಳ ಮೇಲೆ ಕುಸಿದೆ. ಹಮಾಲನೊಬ್ಬ ನೀರು ತರಲು ಓಡಿದ. ತಾತ ಬೈಯುತ್ತಲೇ ನನ್ನ ಮಣಿಕಟ್ಟು ಹಿಡಿದು ನೋಡಿದ, ನಾಡಿ ಓಡುವುದು ಕಂಡು ಅಪ್ಪನಿಂದ ಪುಡಿಯ ಸಂಗತಿ ಕೇಳಿಕೊಂಡ. ಅಷ್ಟರಲ್ಲಿ ಲಾರಿಗೆ ಹೋಗಬೇಕಿದ್ದ ಅಕ್ಕಿಯ ಚೀಲವನ್ನು ಇನ್ನೊಬ್ಬ ಹಮಾಲ ತಂದು ಕಾಟಾದ ಮೇಲೆ ಹಾಕಿದ. ತಾತ ಎದ್ದು ಹೋಗಿ ಗುಂಡನ್ನು ಮುಟ್ಟುವ ಮೊದಲೇ ದಂಡಿ ಸಮನಾಗಿ ನಿಂತಿತು. “ಎಪ್ಪತ್ತೈದು” ಎಂದು ಕೂಗಿದ. ಕೂಗಿದವನು ಬಾಯಿ ತೆರೆದುಕೊಂಡೇ ನಿಂತ.

ಆ ಗುಂಡನ್ನು ಆತ ನನಗಾಗಿ ಇಟ್ಟಿದ್ದ, ಅಕ್ಕಿಗಾಗಿ ಮುಟ್ಟಿಯೇ ಇರಲಿಲ್ಲ. ಅದೇ ಜಾಗ, ಅದೇ ಗುಂಡು. ನನಗೆ ಎಪ್ಪತ್ತು, ಅಕ್ಕಿಗೆ ಎಪ್ಪತ್ತೈದು.

ಮಿಲ್ಲಿನ ಪದ್ಧತಿ ಹೇಳದಿದ್ದರೆ ಇದು ತಿಳಿಯುವುದಿಲ್ಲ. ಒಳಗೆ ಬರುವ ನೆಲ್ಲಿಗೆ ಗೋಣಿಯ ತೂಕ, ಹಸಿ, ಕಸ ಎಂದು ರೈತರಿಗೆ ಹೇಳದೆಯೇ ಒಂದಿಷ್ಟು ಕಳೆದು ಕೂಗುತ್ತಿದ್ದರು. ಅದಕ್ಕೆ ಸೂಟು ಎಂದು ಹೆಸರು. ಸುಗ್ಗಿಗೆ ಮುಂಚೆ ಎರಡು ಕಿಲೋ, ಸುಗ್ಗಿಯ ಹಸಿ ಏರಿದಂತೆ ಮೂರು, ನಾಲ್ಕು, ಐದು. ಹೊರಗೆ ಹೋಗುವ ಅಕ್ಕಿಗೆ ಸೂಟಿಲ್ಲ, ಇದ್ದದ್ದು ಇದ್ದ ಹಾಗೆ. ಕಣ್ಣು ಕಂಡದ್ದರಿಂದ ಒಂದಿಷ್ಟು ಕಳೆದೇ ಕೂಗುವುದು ಮೂವತ್ತು ವರ್ಷದಲ್ಲಿ ಆತನ ಬಾಯಿಗೆ ಕೂತುಬಿಟ್ಟಿತ್ತು. ಹೊರಗಿನಿಂದ ಬಂದು ಕಾಟಾ ಹತ್ತಿದ ನನಗೂ ಆತ ಸೂಟು ಹೊಡೆದಿದ್ದ.

ನನ್ನನ್ನು ಎಬ್ಬಿಸಿ ಮತ್ತೆ ಹತ್ತಿಸಿದ. ದಂಡಿ ನೋಡಿದ, ಬೆರಳಲ್ಲಿ ಮುಟ್ಟಿ ಇನ್ನೊಮ್ಮೆ ನೋಡಿದ. ಈ ಸಲ ರಾಗವಿರಲಿಲ್ಲ.

“ಎಪ್ಪತ್ತೈದು. ಗುಂಜಿಯಷ್ಟೂ ಇಳಿದಿಲ್ಲ ನೀನು. ಇಳಿದಿದ್ದೆಲ್ಲ ನನ್ನ ಬಾಯಾಗ ಇಳಿದೈತಿ. ಇವತ್ತಿಂದ ಆ ಪುಡಿ ಮುಟ್ಟಬ್ಯಾಡ.”

ಹಮಾಲರೆಲ್ಲ ನಿಂತಿದ್ದರು. ಆ ಕ್ಷಣ ಆತನನ್ನು ಕಂಡು ನನಗೆ ಹುಟ್ಟಿದ ಸಿಟ್ಟು ಜನ್ಮದಲ್ಲಿ ಇನ್ನಾರ ಮೇಲೂ ಹುಟ್ಟಿಲ್ಲ. ಕೂಗಿದ್ದು ಕೂಗಿಯಾಗಿತ್ತು, ಸಂಕ್ರಾಂತಿಗೆ ಇಪ್ಪತ್ತು ದಿನ ಉಳಿದಿತ್ತು, ಇವನಿಗೇನು ಬಂದಿತ್ತು ರೋಗ ಎಂದುಕೊಂಡೆ. ಮನೆಯಲ್ಲೂ ಅದೇ ಮಾತಾಯಿತು. ಮದುವೆ ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡಿರಲು ಹೇಳಿ ಎಂದು ಅತ್ತೆ ಅಪ್ಪನನ್ನು ಕಳಿಸಿದಳು. ತಾತ ಒಪ್ಪಲಿಲ್ಲ. ಆ ಡಾಕ್ಟರ ತಾನು ಕೂಗಿದ ತೂಕವನ್ನು ರಿಜಿಸ್ಟರಿನಲ್ಲಿ ಬರೆದುಕೊಂಡು ಮಂದಿಗೆ ತೋರಿಸುತ್ತಿದ್ದಾನೆ, ತಪ್ಪು ತೂಕ ತನ್ನ ಹೆಸರಲ್ಲಿ ಓಡಾಡಬಾರದು ಎಂಬುದು ಆತನ ಹಟ. ನನ್ನ ಮೇಲಿನ ಕನಿಕರವೇನಲ್ಲ. ಇದ್ದರೂ ಆತ ತೋರಿಸಲಿಲ್ಲ.

ಮುಂದಿನ ಸಲ ನಾವು ಬಳ್ಳಾರಿಗೆ ಹೊರಟಾಗ ಕರೆಯದಿದ್ದರೂ ಅದೇ ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕೂತ. ಲಾಡ್ಜಿನ ರೂಮಿನ ಹೊರಗೆ ಬೆಂಚುಗಳ ಮೇಲೆ ಎಂಟು ಹತ್ತು ಹೆಂಗಸರು, ಅವರ ಜೊತೆ ಬಂದವರು. ಡಾಕ್ಟರ ಬಾಗಿಲಲ್ಲೇ ನಿಂತು ನನ್ನನ್ನು ತೋರಿಸಿ, ಇವರೇ ನೋಡಿ ಸಿರುಗುಪ್ಪದವರು, ಆರು ವಾರಕ್ಕೆ ಐದು ಕಿಲೋ ಎಂದ. ನನಗಿಂತ ಚಿಕ್ಕವಳೊಬ್ಬಳು ಆಸೆಗಣ್ಣಿನಿಂದ ನನ್ನನ್ನೇ ನೋಡಿದಳು. ತಾತ ಮುಂದೆ ಬಂದು, ಆ ತೂಕ ತಪ್ಪು, ಅದನ್ನು ಹೊಡೆದು ಹಾಕಿ ಎಂದ. ಔಷಧಿಯ ವಿಷಯ ನಿನಗೇನಯ್ಯಾ ಗೊತ್ತು ಎಂದು ಡಾಕ್ಟರ ನಕ್ಕ.

“ಔಷಧಿ ನನಗ ಗೊತ್ತಿಲ್ರಿ. ತೂಕ ಗೊತ್ತೈತಿ. ಎಪ್ಪತ್ತೈದು ಇದ್ದಾಕಿನ್ನ ನಾನು ಎಪ್ಪತ್ತು ಅಂತ ಕೂಗೀನಿ.”

ಅದ್ಹೇಗೆ ಐದು ಕಿಲೋ ತಪ್ಪುತ್ತದೆ, ಕುಡಿದಿದ್ದೆಯಾ ಎಂದ ಡಾಕ್ಟರ. ತಾತ ಎಲ್ಲರ ಮುಂದೆ ಹೇಳಿಬಿಟ್ಟ. ಮಿಲ್ಲಿಗೆ ಬರುವ ಚೀಲಕ್ಕೆ ಸೂಟು ಹೊಡೆದು ಕೂಗುತ್ತೇವೆ, ಹಸಿ ಇದ್ದರೂ ಹೊಡೆಯುತ್ತೇವೆ, ಒಣಾ ಇದ್ದರೂ ಹೊಡೆಯುತ್ತೇವೆ, ಅದೇ ಚಾಳಿ ಎಂದ. ಬೆಂಚಿನ ತುದಿಯಲ್ಲಿ ಮಗಳ ಜೊತೆ ಬಂದಿದ್ದ ಹಚ್ಚೊಳ್ಳಿಯ ರೈತನೊಬ್ಬ ತಲೆಯೆತ್ತಿದ. ಆತ ನಮ್ಮ ಮಿಲ್ಲಿಗೇ ನೆಲ್ಲು ಹಾಕುತ್ತಿದ್ದವನು. ನನ್ನಪ್ಪ ನೆಲ ನೋಡಿದ.

ತಾತ ಅಷ್ಟಕ್ಕೇ ಬಿಡಲಿಲ್ಲ. ಬೆಂಚಿನ ಮೇಲಿದ್ದ ಒಬ್ಬೊಬ್ಬರನ್ನೂ ಕೇಳುತ್ತ ಹೋದ. ಮೊದಲು ಎಲ್ಲಿ ತೂಗಿದರು, ಆಮೇಲೆ ಎಲ್ಲಿ ತೂಗಿದರು, ಉಂಡು ಹತ್ತಿದ್ದೋ ಉಪವಾಸ ಹತ್ತಿದ್ದೋ. ಕೊಳಗಲ್ಲಿನವಳು ಊರಿನ ಹಿಟ್ಟಿನ ಗಿರಣಿಯಲ್ಲಿ ತೂಗಿಸಿಕೊಂಡಿದ್ದಳು. ಇನ್ನೊಬ್ಬಳು ಹತ್ತಿ ಜಿನ್ನಿನಲ್ಲಿ. ಮತ್ತೊಬ್ಬಳು ಮೊದಲ ದಿನ ಸೊಂಟಕ್ಕೆ ಬೆಳ್ಳಿ ಡಾಬು ಕಟ್ಟಿಕೊಂಡೇ ಹತ್ತಿದ್ದಳು. ಮೊದಲ ತೂಕಕ್ಕೂ ಆಮೇಲಿನ ತೂಕಕ್ಕೂ ಒಂದೇ ಕಾಟಾ ಹತ್ತಿದವಳು ಅಲ್ಲಿ ಒಬ್ಬಳೂ ಇರಲಿಲ್ಲ. ಆಮೇಲೆ ಮೇಜಿನ ಮೇಲಿದ್ದ ರಿಜಿಸ್ಟರನ್ನು ತನ್ನ ಕಡೆ ತಿರುಗಿಸಿಕೊಂಡು ಕೆಂಪು ಗೆರೆಗಳ ಮೇಲೆ ಬೆರಳಿಟ್ಟು ಅಲ್ಲಿನ ಹೆಸರು, ಊರುಗಳನ್ನು ಗಟ್ಟಿಯಾಗಿ ಓದಿದ. ಅವರು ನಡುವೆ ಬಿಟ್ಟವರು, ಲೆಕ್ಕಕ್ಕೆ ಬರುವುದಿಲ್ಲ ಎಂದ ಡಾಕ್ಟರ.

“ಯಾಕ ಬಿಟ್ರು? ಚೀಲದ ಬಾಯಾಗ ಒಳ್ಳೇ ಕಾಳಿಟ್ಟು ತೋರಸಾಕ ನಮ್ಮ ಕಡೆ ಬಾಳ ಮಂದಿಗೆ ಬರ್ತೈತ್ರಿ. ನಾವು ತಳಕ್ಕ ಚುಚ್ಚಿ ನೋಡ್ತೀವಿ.”

 ಬೆಂಚಿನ ಮೇಲಿದ್ದ ಒಬ್ಬ ಮುದುಕಿ, ಗೆರೆ ಎಳೆದವರಲ್ಲಿ ಒಬ್ಬಳು ತಮ್ಮ ಬಾದನಹಟ್ಟಿಯವಳೇ, ಎದೆ ಹಿಡಿದುಕೊಂಡು ಹಾಸಿಗೆ ಹಿಡಿದಿದ್ದಾಳೆ, ಎದ್ದು ಕೂರಲೂ ಆಗುವುದಿಲ್ಲ ಎಂದಳು. ಪುಡಿಯಿಂದಲೇ ಎಂದು ಆಕೆಗೆ ಗೊತ್ತಿರಲಿಲ್ಲ. ತನ್ನ ಮೊಮ್ಮಗಳಿಗೂ ಅದೇ ಪುಡಿ ಕೊಡಿಸಲು ಬಂದಿದ್ದಳು. ಡಾಕ್ಟರ ರಿಜಿಸ್ಟರನ್ನು ಕಸಿದುಕೊಂಡ. ಬೆಂಚುಗಳು ಒಂದೊಂದಾಗಿ ಖಾಲಿಯಾದವು. ಮುಂದಿನ ಸಲ ಆ ಲಾಡ್ಜಿಗೆ ಆತ ಬರಲಿಲ್ಲ. ಬೇರೆ ಯಾವ ಊರಿನ ಯಾವ ಲಾಡ್ಜಿಗೆ ಹೋದನೋ, ನನ್ನ ಹೆಸರಿನ ಮುಂದೆ ಎಪ್ಪತ್ತು ಎಂದೇ ತೋರಿಸುತ್ತ ಎಷ್ಟು ವರ್ಷ ಬದುಕಿದನೋ.

ಕುರುಗೋಡಿನವರು ಬೇರೆ ಹುಡುಗಿಯನ್ನು ನೋಡಿಕೊಂಡರು. ಹಚ್ಚೊಳ್ಳಿಯ ರೈತ ಸುಮ್ಮನಿರಲಿಲ್ಲ. ಎಂಟು ದಿನದಲ್ಲಿ ಮಿಲ್ಲಿನ ಮುಂದೆ ಗಾಡಿಗಳು ನಿಂತು ಜಗಳವಾಯಿತು. ಸೂಟು ಹೊಡೆಯಿರಿ ಎಂದು ತಾನು ಹೇಳೇ ಇಲ್ಲ, ಎಲ್ಲ ತೂಕದವನ ಕಿತಾಪತಿ ಎಂದ ಮಿಲ್ಲಿನ ಸಾಹುಕಾರ. ಅದಕ್ಕೆ ಸಾಕ್ಷಿಯಾಗಿ ಸಹಿ ಹಾಕಿದವನು ನನ್ನಪ್ಪ. ಅಪ್ಪನ ಕೆಲಸ ಉಳಿಯಿತು. ತಾತನನ್ನು ಗೇಟಿನ ಹೊರಗೆ ಹಾಕಿದರು.  ನನಗೆ ಒಳಗೊಳಗೇ ಸಮಾಧಾನವಾಗಿತ್ತು ಎಂದೂ ಬರೆಯಬೇಕು. ನನ್ನ ಮದುವೆ ಮುರಿದವನಿಗೆ ತಕ್ಕ ಶಾಸ್ತಿ ಎಂದುಕೊಂಡಿದ್ದೆ.

ಶಿವರಾತ್ರಿಗೆ ಮೊದಲೇ ಬಾದನಹಟ್ಟಿಯವಳು ತೀರಿಕೊಂಡ ಸುದ್ದಿ ಬಂತು. ಆಕೆಗೂ ನನ್ನದೇ ವಯಸ್ಸು. ಆಕೆಗಿಂತ ಎರಡು ತಿಂಗಳು ತಡವಾಗಿ ನಾನು ಪುಡಿ ಶುರು ಮಾಡಿದ್ದೆ, ಅಷ್ಟೇ ವ್ಯತ್ಯಾಸ.

ಆ ವರ್ಷದ ಬೇಸಿಗೆಯಲ್ಲಿ ಟೀಚರ್ ಟ್ರೈನಿಂಗಿಗೆಂದು ಬಳ್ಳಾರಿಗೆ ಹೊರಟಿದ್ದೆ. ಬಸ್ ಸ್ಟ್ಯಾಂಡಿನ ಪಕ್ಕದ ಸೌದೆ ಅಡ್ಡೆಯಲ್ಲಿ ತಾತ ಕಟ್ಟಿಗೆ ತೂಗುತ್ತಿದ್ದ. ಕೂಗುವ ಕೆಲಸ ಅಲ್ಲಿರಲಿಲ್ಲ. ನನ್ನನ್ನು ಕಂಡು ಕಟ್ಟಿಗೆ ಕೆಳಗಿಟ್ಟು, ಟವೆಲಿನಿಂದ ಕೈ ಒರೆಸಿಕೊಳ್ಳುತ್ತ ರಸ್ತೆಯಂಚಿನವರೆಗೆ ಬಂದ. ನನ್ನ ಜೊತೆ ಆತ ಮೆದುವಾಗಿ ಮಾತಾಡಿದ್ದು ಅದೊಂದೇ ಸಲ.

“ಎದಿ ಬಡಕೊಳ್ಳೋದು ನಿಂತೈತೇನವ್ವ?”

ಪುಡಿ ಬಿಟ್ಟ ತಿಂಗಳೊಳಗೇ ನಿಂತಿತ್ತು. ನಾನು ಉತ್ತರ ಕೊಡದೆ ಮುಖ ತಿರುಗಿಸಿಕೊಂಡು ಬಸ್ಸು ಹತ್ತಿದೆ. ಮಳೆಗಾಲದಲ್ಲಿ ಆತ ಸತ್ತನೆಂದು ಅಪ್ಪ ಬರೆದ ಕಾಗದದ ಕೊನೆಯ ಸಾಲಿನಲ್ಲಿತ್ತು. ಅಪ್ಪ ಮಣ್ಣಿಗೆ ಹೋಗಿರಲಿಲ್ಲ. ನಾನು ಬದುಕಿ ಉಳಿದೆನೋ ಇಲ್ಲವೋ ಎಂದು ಈ ಲೋಕದಲ್ಲಿ ಕೇಳಿದವನು ಅವನೊಬ್ಬನೇ. ಅವನಿಗೆ ನಾನು ಹ್ಞೂಂ ಎಂದೂ ಹೇಳಲಿಲ್ಲ.