ಗದ್ವಾಲದಲ್ಲೊಂದು ಜುಗಲ್‌ಬಂದಿ

ಗೆಳೆಯರೇ, ನಮ್ಮೂರು ಬಿಟ್ಟು ಹೊರಗೆ ನನ್ನ ಮೊದಲ ಸಂಗೀತ ಕಛೇರಿ ಇವತ್ತು ಮುಗಿಯಿತು. ಗದ್ವಾಲದಲ್ಲಿ, ಹೊಸ ಸೀರೆ ಅಂಗಡಿಯೊಂದರ ಉದ್ಘಾಟನೆಗೆ. ನಾನು ಹಿಂದೂಸ್ತಾನಿ ಹಾಡುವವಳು. ನಿಧಾನ ಲಯದ ಒಂದು ವಿಲಂಬಿತ ಖಯಾಲನ್ನು ಮೂರು ತಿಂಗಳು ತಿದ್ದಿಕೊಂಡು ಮಕ್ತಲ್‌ನಲ್ಲಿ ಬಸ್ ಹತ್ತಿದ್ದೆ. ತಬಲಾದವರನ್ನು ಅಂಗಡಿಯ ಸಾವುಕಾರರೇ ಕರೆಸುತ್ತೇನೆ ಎಂದಿದ್ದರು.

ವೇದಿಕೆ ಹತ್ತಿದರೆ ಅಲ್ಲಿ ಮೃದಂಗ! ಹಿಡಿದು ಕೂತಿದ್ದವಳು ಹತ್ತಿರದ ಐಜ ಊರಿನ ಹುಡುಗಿ, ಕರ್ನಾಟಕ ಸಂಗೀತದವಳು. ನಾನು ಹಿಂದೂಸ್ತಾನಿಯವಳು ಎಂದು ಕೇಳಿ ಅವಳೂ ಬೆಚ್ಚಿದಳು.

"ಸಾವುಕಾರ್ರೇ, ನಾನು ತಬಲಾ ಹೇಳಿದ್ನಲ್ರೀ?"

"ಎರಡೂ ಬಾರ್ಸೋವೇ ಅಲ್ಲೇನವ್ವ? ಅದು ಎರಡು ತುಂಡು, ಇದು ಒಂದೇ ಐತಿ. ಕೂಡ್ರಾಕ ಜಾಗಾನೂ ಉಳೀತೈತಿ."

ನನ್ನ ಖಯಾಲ್ ಹನ್ನೆರಡು ಮಾತ್ರೆಯದು ಎಂದಾಗ ಹುಡುಗಿ ಪಿಸುಗುಟ್ಟಿದಳು: "ಅಕ್ಕಾರ, ಅದು ನಂಗ ರೂಢಿ ಇಲ್ರೀ. ಎಂಟರಾಗ ಕೂಡೋದು ಏನರ ಹಾಡ್ರಿ, ಹೆಂಗರ ಹಿಡೀತೀನಿ."

ಮೂರು ತಿಂಗಳ ಸಾಧನೆಯನ್ನು ಬದಿಗಿಟ್ಟು, ಕಲಿಕೆಯ ಮೊದಲ ವರ್ಷದ ಪುಟ್ಟ ಬಂದಿಶ್ ಎತ್ತಿಕೊಂಡೆ. ಅದು ಹದಿನಾರು ಮಾತ್ರೆಯದು. ಅವಳು ಎಂಟೆಂಟಾಗಿ ಎಣಿಸುತ್ತ ಹಿಂದೆ ಬಂದಳು. ಎರಡನೆಯ ಸುತ್ತಿನಲ್ಲಿ ಇಬ್ಬರೂ ಸರಿಯಾಗಿ ಸಮಕ್ಕೆ, ತಾಳದ ಮೊದಲ ಪೆಟ್ಟಿಗೆ, ಬಂದು ಕೂತೆವು. ಒಬ್ಬರನ್ನೊಬ್ಬರು ನೋಡಿ ನಕ್ಕುಬಿಟ್ಟೆವು.

ಕೊನೆಗೆ ಸಾವುಕಾರರು ಮೈಕ್ ಹಿಡಿದರು. "ಇಂಥಾ ಜುಗಲ್‌ಬಂದಿ ಗದ್ವಾಲದಾಗ ಯಾರೂ ಮಾಡ್ಸಿಲ್ರೀ. ನಾನೇ ಬೇಕಂತ ಇಬ್ಬರನ್ನೂ ಕೂಡ್ಸೀನಿ!"

ಚಪ್ಪಾಳೆಯೋ ಚಪ್ಪಾಳೆ. ಹೀಗೆ ಇವತ್ತಿನಿಂದ ನಾನು ಜುಗಲ್‌ಬಂದಿ ಕಲಾವಿದೆ. ಜೊತೆಗಾತಿಯ ಹೆಸರು ಕೇಳಿದ್ದು ಮಾತ್ರ ಆಮೇಲೆ, ಬಸ್ ಸ್ಟ್ಯಾಂಡಿನಲ್ಲಿ.