ತೋನ್ಸೆಪಾರಿನಲ್ಲಿ ಎಲ್ಲಿ ನಿಂತು ನೋಡಬೇಕು?

"ಮಾಷ್ಟ್ರನ್ನ್ ಕರ್ಕಂಡ್ ಹೋಯಿ ಆ ಕಂಬ ತೋರ್ಸಿ ಅಪ್ಪಯ್ಯ. ಅಲ್ಲಿವರೆಗೆ ನಾನ್ ಶಾಲಿಗೆ ಹೋತಿಲ್ಲೆ."

ಹೋದ ತಿಂಗಳು ಒಂದು ಬುಧವಾರ ಸಂಜೆ ನನ್ನ ಮಗಳು ಗಿರಿಜೆ ಮನೆಯ ಮೆಟ್ಟಿಲ ಮೇಲೆ ನಿಂತು ಹೀಗೆ ಸಾರಿದಳು. ಓದುತ್ತಿರುವುದು ಎಂಟನೇ ಕ್ಲಾಸು. ಪರೀಕ್ಷೆಗೆ ಎರಡೇ ತಿಂಗಳು. ನಮ್ಮ ಮನೆತನದಲ್ಲಿ ಗಂಡು ಹೆಣ್ಣು ಸೇರಿ ಅಷ್ಟು ದೂರ ಹೋದವರು ಯಾರೂ ಇಲ್ಲ. ನಾನಂತೂ ನಾಲ್ಕನೇ ಕ್ಲಾಸಿನಲ್ಲೇ ಸ್ಲೇಟು ಕೆಳಗಿಟ್ಟು ಉಳಿ ಹಿಡಿದವನು. (ನನ್ನ ಒತ್ತಕ್ಷರಗಳನ್ನು ಈ ಪತ್ರಿಕೆಯ ಸಂಪಾದಕರು ತಿದ್ದುತ್ತಾರೆ. ಮಾತನ್ನು ತಿದ್ದಲು ನಾನು ಬಿಟ್ಟಿಲ್ಲ.)

ಆದದ್ದಿಷ್ಟು. ಮಲ್ಪೆಯ ಎದುರು ಸಮುದ್ರದಲ್ಲಿ ತೋನ್ಸೆಪಾರ್ ಎಂಬ ದ್ವೀಪವಿದೆಯಲ್ಲ, ತೆಂಗಿನ ಮರಗಳದ್ದು? ಅದರ ಅಂಚಿನಲ್ಲಿ ಕಪ್ಪು ಕಲ್ಲಿನ ಕಂಬಗಳು ಸಾಲು ಸಾಲಾಗಿ ನಿಂತಿವೆ. ಅವು ಭೂಮಿಯೊಳಗಿನ ಬೆಂಕಿಯಿಂದ ಆದವು ಎಂದು ಭೂಗೋಳದ ಮಾಷ್ಟ್ರು ಕ್ಲಾಸಿನಲ್ಲಿ ಹೇಳಿದರಂತೆ. ಇವಳು ಎದ್ದು ನಿಂತು, "ಅಲ್ಲ, ಹಿಂದಿನ ಕಾಲದ ಶಿಲ್ಪಿಗಳು ಕಡೆದಿಟ್ಟದ್ದು. ನಮ್ಮ ಅಪ್ಪಯ್ಯ ಹೇಳಿದ್ದಾರೆ" ಎಂದಳಂತೆ. ಕ್ಲಾಸು ನಕ್ಕಿತು. ತಪ್ಪು ಒಪ್ಪಿಕೋ ಎಂದರು ಮಾಷ್ಟ್ರು. ಇವಳು ಒಪ್ಪಲಿಲ್ಲ. ಪೀರಿಯಡ್ ಮುಗಿಯುವವರೆಗೆ ಬೆಂಚಿನ ಮೇಲೆ ನಿಂತಳು.

ನಾನು ಹೇಳಿದ್ದು ಹೌದು. ಒಮ್ಮೆ ಅಲ್ಲ, ಹತ್ತು ಸಲ. ಕಲ್ಲಿನ ಕೆಲಸಕ್ಕೆಂದು ಮಲ್ಪೆಗೆ ದೋಣಿಯಲ್ಲಿ ಹೋಗುವಾಗೆಲ್ಲ ದೂರದಿಂದ ಆ ಕಂಬಗಳನ್ನು ನೋಡಿದ್ದೇನೆ. ಇಪ್ಪತ್ತೈದು ವರ್ಷ ಕಲ್ಲು ಕಡಿದವನ ಕಣ್ಣು ಸುಳ್ಳು ಹೇಳುತ್ತದೆಯೇ?

ನನ್ನ ತಾಯಿಗೆ ಮಾತ್ರ ಖುಷಿಯೋ ಖುಷಿ. "ಒಳ್ಳೇದೇ ಆಯ್ತ್ ಬಿಡ್. ಓದಿದ್ ಸಾಕ್, ಮನೇಲಿರ್ಲಿ. ಇನ್ನ್ ಗಂಡ್ ಕಾಂಬ."

ಆ ಮಾತು ಎದೆಗೆ ಚುಚ್ಚಿತು. ಒಂದು ವಾರ ಕಾದೆ. ಹುಡುಗಿ ಹಟ ಬಿಡಲಿಲ್ಲ. (ಹಟ ಯಾರ ಕಡೆಯಿಂದ ಬಂತು ಎಂದು ಕೇಳಬೇಡಿ.) ಕೊನೆಗೆ ಮಾಷ್ಟ್ರು ಬಾಡಿಗೆಗಿರುವ ಕೋಣೆಗೇ ಹೋದೆ. ಕೋಟದ ಕಡೆಯ ಹುಡುಗ, ಇನ್ನೂ ಮೀಸೆ ದಪ್ಪವಾಗಿಲ್ಲ.

"ಮಾಷ್ಟ್ರೇ, ನೀವ್ ತೋನ್ಸೆಪಾರ್ ಕಂಡಿದ್ರಿಯಾ?"

"ಇಲ್ಲೆ. ಪುಸ್ತಕದಲ್ ಓದಿದ್ದ್."

"ನಾನ್ ಕಂಡಿದೆ. ಐತಾರ ದೋಣಿ ಹತ್ತುವ, ಬತ್ರಿಯಾ?"

ದೋಣಿ ಎಂದೊಡನೆ ಮಾಷ್ಟ್ರ ಮುಖ ಸ್ವಲ್ಪ ಬಿಳಿಚಿತು. ಆದರೂ ಬರುತ್ತೇನೆ ಎಂದರು. ಅದು ಅವರ ದೊಡ್ಡತನ.

ಭಾನುವಾರ ಬ್ರಹ್ಮಾವರದಿಂದ ಇದ್ದಿಲು ಬಸ್ಸು ಹಿಡಿದೆವು. ಯುದ್ಧಕಾಲ, ಪೆಟ್ರೋಲಿಲ್ಲ, ಇದ್ದಿಲ ಹೊಗೆಯಲ್ಲೇ ಓಡುವ ಬಸ್ಸು. ಒಂದು ಏರಿನಲ್ಲಿ ಕೆಮ್ಮಿ ನಿಂತುಬಿಟ್ಟಿತು. ಉಳಿದ ದಾರಿ ನಡೆದು ಹಂಗಾರಕಟ್ಟೆ ಸೇರಿದೆವು. ಅಲ್ಲಿ ಪರಿಚಯದ ಅಂಬಿಗ ಸೂರ ಮರಕಾಲರ ಹಾಯಿದೋಣಿ. ನಾನು, ಗಿರಿಜೆ, ಮಾಷ್ಟ್ರು. ನನ್ನ ಚೀಲದಲ್ಲಿ ಮೂಲೆಮಟ್ಟ, ತೂಗುಗುಂಡು, ನೂಲಿನ ಉಂಡೆ. ಸುಮ್ಮನೆ ಬಾಯಲ್ಲಿ ಗೆಲ್ಲುವುದು ಬೇಡ, ಅಳೆದು ತೋರಿಸೋಣ ಎಂದು.

ಅಳಿವೆ ದಾಟಿದ್ದೇ ತಡ, ಮಾಷ್ಟ್ರು ದೋಣಿಯ ಅಂಚು ಹಿಡಿದು ವಾಂತಿಗೆ ಬಗ್ಗಿದರು.

"ಹ್ವಾಯ್ ಮಾಷ್ಟ್ರೇ, ಅಲೆ ಕಾಂಬುದ್ ಬೇಡ! ದೂರ ಕಾಣಿ, ದೂರ!" ಎಂದು ಮರಕಾಲರು ಕೂಗಿದರು. "ಪುಸ್ತಕದಲ್ ಇದೊಂದ್ ಬರಿಲಿಲ್ಲ್ಯಾ?"

ಗಿರಿಜೆ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ದೋಣಿ ದ್ವೀಪವನ್ನು ಬಳಸಿ ಪಡುವಣಕ್ಕೆ ತಿರುಗಿದಾಗ ಕಂಬಗಳು ಇಡಿಯಾಗಿ ಕಂಡವು. ಏನು ಅಂದ ಅಂತೀರಿ! ಸೂರು ಹಾರಿಹೋದ ದೊಡ್ಡ ಚಾವಡಿಯ ಹಾಗೆ. ನಿಂತವು ಕೆಲವು, ಮುರಿದವು ಕೆಲವು. "ಇದನ್ನ್ ಬೆಂಕಿ ಮಾಡಿತಾ ಮಾಷ್ಟ್ರೇ?" ಎಂದೆ. ಅವರು ಇನ್ನೂ ದೋಣಿಯ ಅಂಚಿಗೇ ಬಗ್ಗಿದ್ದರು.

ನೀರು ಇಳಿದಿತ್ತು. ಬಂಡೆಗೆ ಹಾರಿ ಇಳಿದೆವು. ಇಷ್ಟು ವರ್ಷದಲ್ಲಿ ನಾನು ಆ ಕಲ್ಲಿನ ಮೇಲೆ ಕಾಲಿಟ್ಟದ್ದು ಅದೇ ಮೊದಲು.

ನೂಲಿನ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಗಿರಿಜೆಯ ಕೈಯಲ್ಲಿ. ಮೂಲೆ ಎಣಿಸುವವಳೂ ಅವಳೇ.

"ಆರ್," ಎಂದಳು ಗಟ್ಟಿಯಾಗಿ. ಮುಂದಿನ ಕಂಬ. "ಐದ್." ಮತ್ತೊಂದು. "ಆರ್." ಅದರ ಪಕ್ಕದ್ದು. "ಏಳ್..." ದನಿ ಇಳಿಯಿತು.

ಓದುಗರಿಗೆ ಒಂದು ಮಾತು ಹೇಳಬೇಕು. ನಾವು ಕಂಬ ಕಡೆಯುವಾಗ ಮೊದಲು ನಾಲ್ಕು ಮೂಲೆ ತೆಗೆಯುತ್ತೇವೆ. ನಾಲ್ಕು ಮೂಲೆಗಳನ್ನು ಕತ್ತರಿಸಿದರೆ ಎಂಟು. ಎಂಟನ್ನು ಕತ್ತರಿಸಿದರೆ ಹದಿನಾರು. ಐದು, ಏಳು ಎಂಬುದು ನಮ್ಮ ಕೆಲಸದಲ್ಲೇ ಇಲ್ಲ. ಹೊಟ್ಟೆಪಾಡಿಗೆ ದುಡಿಯುವ ಯಾವ ಕಲ್ಲುಕುಟಿಗ ಕೂತು ಏಳು ಮೂಲೆಯ ಕಂಬ ಕಡೆಯುತ್ತಾನೆ? ಉಳಿಯ ಗುರುತಿಗೆ ಬೆರಳಾಡಿಸಿದೆ. ಒಂದೂ ಇಲ್ಲ. ಒಂದರ ಬದಿಗೆ ಒಂದು ಕೂದಲೆಳೆ ಜಾಗವಿಲ್ಲದೆ ಕೂತಿವೆ. ನಡುವಿನದನ್ನು ಕಡೆಯಲು ಉಳಿ ಹಿಡಿದ ಕೈ ಎಲ್ಲಿಂದ ಹೋದೀತು?

ನನಗೆ ಅಲ್ಲೇ ಗೊತ್ತಾಯಿತು.

ಗಿರಿಜೆ ನನ್ನ ಮುಖವನ್ನೇ ನೋಡುತ್ತಿದ್ದಳು. ಮಾಷ್ಟ್ರೂ ನೋಡುತ್ತಿದ್ದರು. ಆ ಹೊತ್ತಿಗೆ ನನ್ನ ತಲೆಯಲ್ಲಿ ಏನು ಓಡಿತು, ಮುಚ್ಚಿಡದೆ ಬರೆಯುತ್ತೇನೆ. ಕಲ್ಲಿನ ಕೆಲಸ ಬಲ್ಲವನು ಅಲ್ಲಿ ನಾನೊಬ್ಬನೇ. 'ಹಳೇ ಕಾಲದ ಕ್ರಮವೇ ಬೇರೆ' ಎಂದುಬಿಟ್ಟರೆ ಮಾಷ್ಟ್ರು ಎದುರಾಡಲಾರರು. ಮಗಳು ಗೆದ್ದು ನಾಳೆಯೇ ಶಾಲೆಗೆ ಓಡುತ್ತಾಳೆ. ನಿಜ ಹೇಳಿದರೆ? ಅವಳು ನಾಚಿಕೆಯಿಂದ ಇನ್ನು ಶಾಲೆಯ ಕಡೆ ತಲೆಹಾಕದಿದ್ದರೆ? ಅಜ್ಜಿ ಗಂಡು ನೋಡಲು ಕಾದೇ ಕೂತಿದ್ದಾಳೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಆದರೆ ಏಳು ಎಂದು ಎಣಿಸಿದವಳು ಅವಳೇ. ಅವಳ ಎಣಿಕೆಯನ್ನು ನಾನು ಸುಳ್ಳು ಮಾಡುವುದೇ?

"ಗಿರಿಜೆ, ಇದ್ ಕಡ್ದದ್ದಲ್ಲ," ಎಂದೆ. "ನಾನ್ ಹೇಳಿದ್ದ್ ತಪ್ಪ್. ಮಾಷ್ಟ್ರ್ ಹೇಳಿದ್ದೇ ಸಮ."

ಮಾಷ್ಟ್ರು ಬೀಗಲಿಲ್ಲ. ಕಲ್ಲನ್ನು ಸವರುತ್ತಾ, "ಬೇಸಗೆಯಲ್ ಗದ್ದೆ ಬಿರಿತಲ್ಲ, ಹಾಂಗೇ ಗಿರಿಜೆ. ಕಾದದ್ದ್ ತಣಿವಾಗ ಬಿರಿದದ್ದ್," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಇಷ್ಟ್ ಚಂದ ಇತ್ತಂದ್ ಪುಸ್ತಕದಲ್ ಇರ್ಲಿಲ್ಲೆ ಮಾರಾಯ್ರೆ. ಅವ್ಳನ್ನ್ ಬೆಂಚ್ ಹತ್ಸಿದ್ದ್ ನನ್ನ್ ತಪ್ಪ್" ಎಂದರು.

ಬರುವಾಗ ದೋಣಿಯಲ್ಲಿ ಗಿರಿಜೆ ನೂಲನ್ನು ಉಂಡೆಗೆ ಸುತ್ತುತ್ತಾ ಕೂತಳು. ಮನೆಗೆ ಬಂದು ಊಟ ಮಾಡಿ ಕೈ ತೊಳೆದು ಒಂದೇ ಪ್ರಶ್ನೆ ಕೇಳಿದಳು.

"ಅಪ್ಪಯ್ಯ, ಗೊತ್ತಿಲ್ದೇ ಮತ್ತ್ ಎಂತೆಲ್ಲ ಹೇಳಿದ್ರಿ ನಂಗೆ?"



ಸೋಮವಾರ ನಾನು ಹೇಳುವ ಮೊದಲೇ ಜಡೆ ಹಾಕಿಕೊಂಡು ಹೊರಟಳು. ನಾನೂ ಹಿಂದೆ ಹೋದೆ. ಮಾಷ್ಟ್ರ ಅಪ್ಪಣೆ ಪಡೆದು ಕ್ಲಾಸಿನ ಎದುರು ನಿಂತು, ತಪ್ಪು ಹೇಳಿಕೊಟ್ಟವನು ನಾನು ಎಂದೆ. ಈ ಸಲ ಯಾರೂ ನಗಲಿಲ್ಲ.

ನೀವೂ ತೋನ್ಸೆಪಾರಿಗೆ ಹೋಗಿ. ಮಳೆಗಾಲ ಬಿಟ್ಟು ಯಾವಾಗಲಾದರೂ ಸರಿ. ದೋಣಿಯಿಂದಲೇ ನೋಡಿ ಮರಳುವವರು ಬಹಳ. ಅಲ್ಲಿಂದ ಕಾಣುವುದು ಚಾವಡಿ, ನನ್ನ ಹಾಗೆ ಮೋಸ ಹೋಗುತ್ತೀರಿ. ತೆಂಗಿನ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಿದರೆ ಬರೀ ಸಮುದ್ರ. ನೀರು ಇಳಿದ ಹೊತ್ತಿಗೆ ಪಡುವಣದ ಅಂಚಿಗೆ ಹೋಗಿ, ಕಂಬಕ್ಕೆ ಕೈ ತಾಗುವಷ್ಟು ಹತ್ತಿರ ನಿಲ್ಲಿ. ಮೂಲೆ ಎಣಿಸಿ. ಪಾಚಿಯ ಮೇಲೆ ಮಾತ್ರ ಜೋಪಾನ.

ಮೊನ್ನೆ ಗಿರಿಜೆ ನಮ್ಮ ಬಾವಿ ಎಷ್ಟು ಆಳ ಎಂದು ಕೇಳಿದಳು. ಒಂಬತ್ತು ಕೋಲು ಎಂದೆ. ಹೂಂ ಎಂದವಳೇ ಹಗ್ಗ ತಂದು, ಕಲ್ಲು ಕಟ್ಟಿ ಇಳಿಬಿಟ್ಟು ಅಳೆಯತೊಡಗಿದಳು. ಬಾವಿ ಕಟ್ಟಿದವನೇ ಪಕ್ಕದಲ್ಲಿ ನಿಂತಿದ್ದೇನೆ, ಸ್ವಾಮಿ! ಬೇಸರವಾಯಿತೇ? ಆಯಿತು, ಸುಳ್ಳೇಕೆ ಹೇಳಲಿ.

ಆದರೆ ಅಪ್ಪ ಹೇಳಿದ್ದನ್ನೆಲ್ಲ ನಂಬುವುದೇ ಆದರೆ, ಮಗಳನ್ನು ಶಾಲೆಗೆ ಏಕೆ ಕಳಿಸಬೇಕು?